ಕ್ಲಿಫ್ ಬರ್ಟನ್‌ನ ಬಾಸ್ ಕೇಳಿಸಿಕೊಳ್ಳುವುದು ಹೇಗೆ

ಅಮೆರಿಕದ ಹೆವಿ ಮೆಟಲ್ ತಂಡ ಮೆಟಾಲಿಕಾದ ‘ಫಾರ್ ಹೂಮ್ ದ ಬೆಲ್ ಟೋಲ್ಸ್’ ಹಾಡು ಹಾಕಿ ನೋಡಿ. ಗಂಟೆ ಬಡಿಯುತ್ತದೆ, ಡ್ರಮ್ಮು ಗಿಟಾರು ಸೇರಿಕೊಳ್ಳುತ್ತವೆ, ಅವುಗಳ ಮೇಲೆ ಒರಟು ದನಿಯಲ್ಲಿ ಒಂದೊಂದೇ ಮೆಟ್ಟಿಲು ಇಳಿಯುವ ನುಡಿತವೊಂದು ಬರುತ್ತದೆ. ಮೊದಲ ಸಲ ಕೇಳಿದವರು ಅದನ್ನು ಲೀಡ್ ಗಿಟಾರ್ ಅಂದುಕೊಳ್ಳುವುದೇ ಹೆಚ್ಚು. ವರ್ಷಗಟ್ಟಲೆ ಹಾಗೇ ನಂಬಿಕೊಂಡವರೂ ಇದ್ದಾರೆ. ಆದರೆ ಅದು ಬಾಸ್, ಅಂದರೆ ತಗ್ಗು ಸ್ವರಗಳನ್ನು ನುಡಿಸುವ ದಪ್ಪ ತಂತಿಯ ಗಿಟಾರ್. ನುಡಿಸಿದವನು ಕ್ಲಿಫ್ ಬರ್ಟನ್.

ಕ್ಲಿಫ್ ಹುಟ್ಟಿದ್ದು 1962ರ ಫೆಬ್ರವರಿ 10ರಂದು, ಬೆಳೆದದ್ದು ಕ್ಯಾಲಿಫೋರ್ನಿಯಾದ ಕ್ಯಾಸ್ಟ್ರೋ ವ್ಯಾಲಿಯಲ್ಲಿ. ತೀರಿಕೊಂಡದ್ದು 1986ರ ಸೆಪ್ಟೆಂಬರ್ 27ರ ಬೆಳಗಿನ ಜಾವ, ಸ್ವೀಡನ್ನಿನ ಹೆದ್ದಾರಿಯಲ್ಲಿ ತಂಡದ ಬಸ್ಸು ಉರುಳಿ. ಆಗ ಅವನಿಗೆ 24 ವರ್ಷ. ಮೆಟಾಲಿಕಾದ ಜೊತೆ ಮಾಡಿದ್ದು ಮೂರೇ ಆಲ್ಬಮ್: 1983ರ ‘ಕಿಲ್ ಎಮ್ ಆಲ್’, 1984ರ ‘ರೈಡ್ ದ ಲೈಟ್ನಿಂಗ್’, 1986ರ ‘ಮಾಸ್ಟರ್ ಆಫ್ ಪಪೆಟ್ಸ್’. ಇವತ್ತಿಗೂ ಪ್ರತಿ ಸೆಪ್ಟೆಂಬರ್ 27ಕ್ಕೆ ಅಭಿಮಾನಿಗಳು ಅವನನ್ನು ನೆನೆಯುತ್ತಾರೆ. ಗಾಯಕ ಸತ್ತರೆ ನೆನೆಯುವುದು ಕಷ್ಟವಲ್ಲ, ದನಿ ಎಲ್ಲರ ಕಿವಿಯಲ್ಲೂ ಇರುತ್ತದೆ. ಬಾಸ್‌ನವನನ್ನು ನೆನೆಯಬೇಕಾದರೆ ಮೊದಲು ಹಾಡಿನೊಳಗೆ ಅವನು ಎಲ್ಲಿದ್ದಾನೆ ಅಂತ ಹುಡುಕಬೇಕು. ಕ್ಲಿಫ್‌ನ ವಿಷಯದಲ್ಲಿ ಹುಡುಕಾಟ ಇನ್ನೂ ಜಟಿಲ, ಏಕೆಂದರೆ ಅವನು ಬಾಸ್ ಇರಬೇಕಾದ ಜಾಗದಲ್ಲೂ ಇದ್ದಾನೆ, ಗಿಟಾರ್ ಇರಬೇಕಾದ ಜಾಗದಲ್ಲೂ ಇದ್ದಾನೆ.

ಅದು ಹೇಗೆ ಸಾಧ್ಯವಾಯಿತು, ಅವನ ದನಿ ಯಾವ ಯಾವ ಭಾಗಗಳಿಂದ ಕೂಡಿದ್ದು, ಅದನ್ನು ಮತ್ತೆ ಕಟ್ಟಲು ಹೊರಟವರು ಎಲ್ಲಿ ಎಡವುತ್ತಾರೆ ಅನ್ನುವುದನ್ನು ಇಲ್ಲಿ ಬಿಡಿಸಿಡಲಾಗಿದೆ.

ಫೋನಿನಲ್ಲಿ ಕೇಳಿದರೆ ಅರ್ಧ ಕ್ಲಿಫ್

ನಾಲ್ಕು ತಂತಿಯ ಬಾಸ್‌ನ ಶ್ರುತಿ ಕೆಳಗಿನಿಂದ ಮೇಲಕ್ಕೆ ಇ, ಎ, ಡಿ, ಜಿ. ಬಿಟ್ಟ ತಂತಿ ಮೀಟಿದರೆ ಕ್ರಮವಾಗಿ 41.2, 55, 73.4 ಮತ್ತು 98 ಹರ್ಟ್ಸ್. ಗಿಟಾರಿನ ದಪ್ಪ ನಾಲ್ಕು ತಂತಿಗಳ ಹೆಸರೂ ಇವೇ, ಆದರೆ ಅವು ಒಂದು ಸ್ಥಾಯಿ ಮೇಲೆ. ಫೋನಿನ ಪುಟ್ಟ ಸ್ಪೀಕರ್ 200-300 ಹರ್ಟ್ಸ್‌ಗಿಂತ ಕೆಳಗೆ ಬಹುತೇಕ ಸೋತುಹೋಗುತ್ತದೆ. ಅಂದರೆ ಬಾಸ್‌ನ ಮೂಲ ಸ್ವರ ಅದರಿಂದ ಹೊರಗೇ ಬರುವುದಿಲ್ಲ. ಆದರೂ ನಮಗೆ ಒಂದಿಷ್ಟು ಬಾಸ್ ಕೇಳಿಸಿದಂತಾಗುವುದು ಮಿದುಳಿನ ಕೆಲಸ: 247, 288, 330, 371 ಎಂಬ ಮೇಲಿನ ಪಟ್ಟುಗಳು (41.2ರ ಆರು, ಏಳು, ಎಂಟು, ಒಂಬತ್ತು ಪಟ್ಟು) ಸಿಕ್ಕರೆ ‘ಇದರ ಬುಡದಲ್ಲಿ 41 ಇದ್ದಿರಬೇಕು’ ಅಂತ ಅದು ತಾನೇ ತುಂಬಿಕೊಳ್ಳುತ್ತದೆ.

ಹಾಗಾಗಿ ‘ಮಾಸ್ಟರ್ ಆಫ್ ಪಪೆಟ್ಸ್’ ಅನ್ನು ಫೋನಿನಲ್ಲಿ ಕೇಳಿ ‘ಬಾಸ್ ಕೇಳಿಸಲೇ ಇಲ್ಲ’ ಅನ್ನುವುದರಲ್ಲಿ ಅರ್ಥವಿಲ್ಲ. ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಬೇಕು. ಇಯರ್‌ಬಡ್ ಆದರೆ ರಬ್ಬರ್ ತುದಿ ಕಿವಿಗೆ ಸರಿಯಾಗಿ ಕೂತಿರಬೇಕು. ಸಂದು ಬಿಟ್ಟರೆ ಮೊದಲು ಸೋರಿಹೋಗುವುದು ಮಂದ್ರವೇ. ಈಕ್ವಲೈಸರ್‌ನಲ್ಲಿ ‘ಬಾಸ್ ಬೂಸ್ಟ್’ ಹಾಕಬೇಡಿ. ಅದು ಡ್ರಮ್ಮಿನ ಕಿಕ್ (ಕಾಲಿನಿಂದ ಬಡಿಯುವ ದೊಡ್ಡ ಡ್ರಮ್) ಅನ್ನೂ ಉಬ್ಬಿಸಿ ಎರಡನ್ನೂ ಕಲಸಿಬಿಡುತ್ತದೆ. 700-900 ಹರ್ಟ್ಸ್ ಆಸುಪಾಸಿನಲ್ಲಿ ಮೂರು ಡೆಸಿಬೆಲ್ ಏರಿಸಿ ನೋಡಿ. ಬೆರಳು ತಂತಿಗೆ ತಾಗುವ ಸದ್ದು ಇರುವುದು ಅಲ್ಲಿ, ಕ್ಲಿಫ್‌ನ ಗುರುತು ಹತ್ತುವುದೂ ಅಲ್ಲೇ.

ವಿಚಿತ್ರವೆಂದರೆ, ಅವನ ಸೋಲೋಗಳು ಮಾತ್ರ ಅದೇ ದರಿದ್ರ ಫೋನ್ ಸ್ಪೀಕರಿನಲ್ಲೂ ಖಣಖಣ ಕೇಳುತ್ತವೆ. ಕಾರಣ ಫಜ್, ಅಂದರೆ ದನಿಯನ್ನು ಒರಟಾಗಿಸುವ, ಕಾಲಿನಿಂದ ಒತ್ತುವ ಪೆಡಲ್.

ತಂಬೂರಿಯಿಂದ ಫಜ್‌ಗೆ

ನಮಗೆ ಇದನ್ನು ಅರ್ಥ ಮಾಡಿಕೊಳ್ಳಲು ಒಂದು ಒಳ್ಳೆಯ ದಾರಿ ಇದೆ. ಶ್ರುತಿ ಕೂಡಿದ ತಂಬೂರಿಯನ್ನು ಮೀಟಿದಾಗ ಯಾರೂ ಮೀಟದ ಗಾಂಧಾರ ಮೇಲೆ ತೇಲಿಬರುತ್ತದೆ. ಸ್ವಯಂಭೂ ಗಾಂಧಾರ ಅನ್ನುವುದು ಅದನ್ನೇ. ಅದು ಮಂದ್ರ ಷಡ್ಜದ ಐದನೇ ಪಟ್ಟು. ತಂತಿಯ ಕೆಳಗೆ ಜೀವಾಳ ಸರಿಯಾದ ಜಾಗಕ್ಕೆ ಕೂತಾಗ ಸೇತುವೆಯ ಮೇಲೆ ತಂತಿ ಸವರಿಕೊಂಡು ನಡುಗಿ ಈ ಮೇಲಿನ ಪಟ್ಟುಗಳು ಉಕ್ಕುತ್ತವೆ. ಜೀವಾಳ ತೆಗೆದರೆ ಅದೇ ತಂತಿ ಮೊಂಡಾಗಿ ನುಡಿಯುತ್ತದೆ.

ಫಜ್ ಪೆಡಲ್ ಮಾಡುವುದೂ ಇದೇ ಕೆಲಸ, ಆದರೆ ನಯವಾಗಿ ಅಲ್ಲ. ಬಾಸ್‌ನಿಂದ ಬರುವ ವಿದ್ಯುತ್ ಅಲೆಯನ್ನು ವಿಪರೀತ ಹಿಗ್ಗಿಸಿ, ಡಯೋಡುಗಳಿಂದ ಅದರ ತಲೆ ಬುಡ ಎರಡನ್ನೂ ಕತ್ತರಿಸುತ್ತದೆ. ದುಂಡಗಿದ್ದ ಅಲೆ ಚೌಕಾಕಾರಕ್ಕೆ ಹತ್ತಿರವಾಗುತ್ತದೆ. ಚೂಪು ಮೂಲೆಗಳಿರುವ ಅಲೆಯೆಂದರೆ ಮೇಲಿನ ಪಟ್ಟುಗಳು ದಂಡಿಯಾಗಿರುವ ಅಲೆ. 98 ಹರ್ಟ್ಸ್‌ನ ಒಂದು ಸ್ವರ ಈಗ 500ರಿಂದ 3000 ಹರ್ಟ್ಸ್‌ವರೆಗೆ ಹರಡಿಕೊಳ್ಳುತ್ತದೆ. ನಮ್ಮ ಕಿವಿ ಚುರುಕಾಗಿರುವುದೂ ಆ ಪಟ್ಟಿಯಲ್ಲೇ, ಗಿಟಾರ್ ವಾಸಿಸುವುದೂ ಅಲ್ಲೇ. ಕ್ಲಿಫ್ ಜೊತೆಗೆ ತಂತಿಯ ಮೇಲ್ತುದಿಗೆ ಹೋಗಿ ನುಡಿಸುತ್ತಿದ್ದ. ಜಿ ತಂತಿಯ 12ನೇ ಫ್ರೆಟ್ (ವಾದ್ಯದ ಕತ್ತಿನ ಮೇಲಿನ ಮೆಟ್ಟು) 196 ಹರ್ಟ್ಸ್, ಅದು ಗಿಟಾರಿನ ಬಿಟ್ಟ ಜಿ ತಂತಿಯದೇ ಸ್ವರ. 20ನೇ ಫ್ರೆಟ್‌ಗೆ ಹೋದರೆ 311. ಗಿಟಾರಿನ ಅತಿ ಸಣ್ಣ ತಂತಿಗೆ ಒಂದೇ ಮನೆ ಕಡಿಮೆ. ಫಜ್ ಮತ್ತು ಮೇಲಿನ ಫ್ರೆಟ್ ಎರಡೂ ಸೇರಿದಾಗ ಕಿವಿ ಮೋಸಹೋಗುವುದು ಸಹಜ.

ಆದರೂ ಪೂರ್ತಿ ಮೋಸಹೋಗಬೇಕಿಲ್ಲ. ಬಾಸ್ ತಂತಿ ದಪ್ಪ, ಅದರ ಕಂಪನ ನಿಧಾನಕ್ಕೆ ಏಳುತ್ತದೆ, ಸ್ವರದ ಮೊದಲ ಕ್ಷಣದಲ್ಲಿ ಒಂದು ‘ದುಪ್’ ಇರುತ್ತದೆ. ಗಿಟಾರನ್ನು ಪಿಕ್‌ನಿಂದ (ಮೀಟುವ ಪುಟ್ಟ ಬಿಲ್ಲೆಯಿಂದ) ಮೀಟಿದಾಗ ಅದು ‘ಟಿಕ್’. ಬೆಂಡ್ ಮಾಡುವಾಗಲೂ, ಅಂದರೆ ತಂತಿ ಎಳೆದು ಸ್ವರ ಏರಿಸುವಾಗಲೂ, ವ್ಯತ್ಯಾಸ ಗೊತ್ತಾಗುತ್ತದೆ: ಗಿಟಾರಿನ ಬೆಂಡ್ ಸರಕ್ಕನೆ ಎರಡು ಮನೆ ಏರುತ್ತದೆ, ಬಾಸ್‌ನದು ಬಿಗಿತದಿಂದಾಗಿ ತಿಣುಕುತ್ತಾ ಏರುತ್ತದೆ. ‘ಬೆಲ್ ಟೋಲ್ಸ್’ ಮತ್ತೊಮ್ಮೆ ಕೇಳಿ, ಆ ತಿಣುಕು ಸಿಗುತ್ತದೆ.

ಎರಡು ಸ್ವರ, ನಾಲ್ಕು ಸ್ವರ

ಕ್ಲಿಫ್ ಬಾಸ್ ಮೇಲೆ ಎರಡು ತಂತಿ ಒಟ್ಟಿಗೆ ನುಡಿಸುವುದನ್ನು ತುಂಬ ಬಳಸಿದ. ಫಜ್ ಹಾಕಿಕೊಂಡು ಹಾಗೆ ಮಾಡಿದರೆ ಒಂದು ತಮಾಷೆ ನಡೆಯುತ್ತದೆ. ಕತ್ತರಿಸಿದ ಅಲೆಯಲ್ಲಿ ಎರಡು ಸ್ವರಗಳ ಮೊತ್ತವೂ ವ್ಯತ್ಯಾಸವೂ ಹೊಸ ಸ್ವರಗಳಾಗಿ ಹುಟ್ಟುತ್ತವೆ. ಲೆಕ್ಕ ಹಾಕಿ ನೋಡೋಣ. ಷಡ್ಜವಾಗಿ 98, ಪಂಚಮವಾಗಿ 147 ಹರ್ಟ್ಸ್ ಮೀಟಿದಿರಿ. ವ್ಯತ್ಯಾಸ 49, ಅಂದರೆ ಕೆಳಗಿನ ಸ್ಥಾಯಿಯ ಷಡ್ಜ. ಮೊತ್ತ 245, ಅಂದರೆ 49ರ ಐದನೇ ಪಟ್ಟು: ಗಾಂಧಾರ! ತಂಬೂರಿಯಲ್ಲಿ ತೇಲಿಬರುವ ಅದೇ ಗಾಂಧಾರ ಇಲ್ಲಿ ಡಯೋಡಿನ ಹೊಡೆತಕ್ಕೆ ಹುಟ್ಟಿಕೊಳ್ಳುತ್ತದೆ. ಹೆವಿ ಮೆಟಲ್‌ನಲ್ಲಿ ಎಲ್ಲರೂ ಷಡ್ಜ-ಪಂಚಮದ ‘ಪವರ್ ಕಾರ್ಡ್’ ನೆಚ್ಚಿಕೊಂಡಿರುವುದಕ್ಕೆ ಇದೇ ಕಾರಣ. ಅದು ತನ್ನ ಬುಡವನ್ನು ತಾನೇ ಕಟ್ಟಿಕೊಳ್ಳುತ್ತದೆ.

ಅದೇ 98ರ ಜೊತೆ ಗಾಂಧಾರ 123.5 ಮೀಟಿ. ವ್ಯತ್ಯಾಸ 25.5. ಅದು ಷಡ್ಜದ ಕೆಳಗಿನ ಪಟ್ಟಾದ 24.5 ಅಲ್ಲ, ಅದಕ್ಕೆ ಹತ್ತಿರದ ಒಂದು ಅಪಸ್ವರ. ಜೊತೆಗೆ ಸ್ವರವಾಗಿ ಕೇಳಿಸದಷ್ಟು ತಗ್ಗು, ಬರೀ ಗದಗದ. ಮನೆಯಲ್ಲಿ ಫಜ್ ಹಾಕಿ ಮೂರು ಸ್ವರದ ಕಾರ್ಡ್ ನುಡಿಸಿ ‘ಪೆಡಲ್ ಸರಿಯಿಲ್ಲ’ ಅಂತ ವಾಪಸ್ ಕೊಡುವವರಿದ್ದಾರೆ. ಪೆಡಲ್ ಸರಿಯಾಗೇ ಇರುತ್ತದೆ. ಕಾರ್ಡ್ ಬೇಕೇ ಬೇಕಾದರೆ ಸ್ವರಗಳನ್ನು ದೂರ ದೂರ ಇಡಬೇಕು, ಷಡ್ಜ ಕೆಳಗಿನ ತಂತಿಯಲ್ಲಿ, ಗಾಂಧಾರ ಒಂದು ಸ್ಥಾಯಿ ಮೇಲೆ.

ವಾದ್ಯ ಮತ್ತು ಪೆಡಲ್

ಕ್ಲಿಫ್‌ನ ಹೆಸರಿಗೆ ಅಂಟಿಕೊಂಡದ್ದು ಕೆಂಪು ಛಾಯೆಯ ರಿಕನ್‌ಬ್ಯಾಕರ್ 4001. ಆದರೆ ಅಂಗಡಿಯಿಂದ ತಂದ 4001 ಅವನ ದನಿ ಕೊಡುವುದಿಲ್ಲ, ಏಕೆಂದರೆ ಅವನ ವಾದ್ಯದ ಒಳಗು ಬೇರೆ. ಕತ್ತಿನ ಹತ್ತಿರ ಗಿಬ್ಸನ್ ಇಬಿ ಬಾಸ್‌ನ ದಪ್ಪ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಅಲೆಯಾಗಿಸುವ ಭಾಗ), ಸೇತುವೆ ಕಡೆ ಜಾಸ್ ಬಾಸ್ ಮಾದರಿಯ ಪಿಕಪ್, ಸೇತುವೆಯ ಮ್ಯೂಟ್ (ಸದ್ದಡಗಿಸುವ ಭಾಗ) ಇರುವ ಸಂದಿನಲ್ಲಿ ಒಂದು ಸ್ಟ್ರಾಟೊಕಾಸ್ಟರ್ ಗಿಟಾರಿನ ಪಿಕಪ್. ಈ ಮೂರನೆಯದು ಸ್ವಾರಸ್ಯದ್ದು. ತಂತಿ ಸೇತುವೆಗೆ ಹತ್ತಿರವಾದಷ್ಟೂ ಮೂಲ ಸ್ವರದ ಅಲುಗಾಟ ಕಡಿಮೆ, ಮೇಲಿನ ಪಟ್ಟುಗಳ ಪಾಲು ಹೆಚ್ಚು. ಆ ಸಂದಿನಲ್ಲಿ ಕೂತ ಪಿಕಪ್ ಎತ್ತಿಕೊಳ್ಳುವುದು ಬಹುಪಾಲು ಚೀರನ್ನೇ. ದಪ್ಪ ಪಿಕಪ್‌ನಿಂದ ಗುಡುಗು, ಸಂದಿನ ಪಿಕಪ್‌ನಿಂದ ಚೀರು. ಕೊನೆಯ ದಿನಗಳಲ್ಲಿ ಅವನು ಆರಿಯಾ ಪ್ರೋ 2 ಕಂಪನಿಯ ಎಸ್‌ಬಿ ಸಾಲಿನ ಕಪ್ಪು ಬಾಸ್‌ಗೆ ಬದಲಾಯಿಸಿಕೊಂಡ; ಆ ಕಂಪನಿ 2013ರಲ್ಲಿ ಅವನ ಹೆಸರಿನಲ್ಲೇ ಒಂದು ಮಾದರಿ ತಂದಿತು.

ಪೆಡಲ್‌ಗಳಲ್ಲಿ ಮುಖ್ಯ ಎರಡು: ಎಲೆಕ್ಟ್ರೋ-ಹಾರ್ಮೋನಿಕ್ಸ್‌ನ ಬಿಗ್ ಮಫ್ ಎಂಬ ಫಜ್, ಮಾರ್ಲಿಯ ಪವರ್ ವಾ ಬೂಸ್ಟ್.

ವಾ ಅಂದರೆ ಕಾಲಡಿಯ ಫಿಲ್ಟರ್. ಒಂದು ಕಿರಿದಾದ ಪಟ್ಟಿಯನ್ನು ಎತ್ತಿಹಿಡಿದು ಉಳಿದದ್ದನ್ನು ತಗ್ಗಿಸುತ್ತದೆ. ಪಾದ ಒತ್ತಿದಂತೆ ಆ ಪಟ್ಟಿ ಸುಮಾರು 400ರಿಂದ 2000 ಹರ್ಟ್ಸ್‌ವರೆಗೆ ಜಾರುತ್ತದೆ. ಬಾಯಿ ‘ಊ’ದಿಂದ ‘ಆ’ಕ್ಕೆ ತೆರೆದಾಗ ಆಗುವುದೂ ಇದೇ, ಅದಕ್ಕೇ ವಾ ಹಾಕಿದ ವಾದ್ಯ ಮಾತಾಡಿದಂತಿರುತ್ತದೆ. ಸಾಮಾನ್ಯ ವಾ ಪೆಡಲ್‌ನಲ್ಲಿ ಪಾದದ ಕೆಳಗೆ ಹಲ್ಲುಪಟ್ಟಿ ಒಂದು ವಾಲ್ಯೂಮ್ ಗುಬುಟನ್ನು ತಿರುಗಿಸುತ್ತದೆ. ವರ್ಷ ಕಳೆದಂತೆ ಅದು ಸವೆದು ಕರಕರ ಅನ್ನುತ್ತದೆ. ಮಾರ್ಲಿಯಲ್ಲಿ ಗುಬುಟೇ ಇಲ್ಲ. ಒಳಗೆ ಒಂದು ದೀಪ, ಎದುರಿಗೆ ಬೆಳಕು ಬಿದ್ದಂತೆ ರೋಧ ಬದಲಿಸುವ ಕೋಶ, ನಡುವೆ ಪಾದದ ಜೊತೆ ಸರಿಯುವ ಪರದೆ. ಸವೆಯುವ ಭಾಗವೇ ಇಲ್ಲ. ಹಳೆಯ ಮಾರ್ಲಿ ಸದ್ದು ಕೊಡದೆ ಸತ್ತಿದ್ದರೆ ಮೊದಲು ಅನುಮಾನಿಸಬೇಕಾದ್ದು ದೀಪವನ್ನು.

ಅಂಥ ಹಳೆಯದನ್ನು ಅಮೆರಿಕದಲ್ಲಿರುವ ನೆಂಟರ ಕೈಲಿ ತರಿಸುವವರಿಗೆ ಒಂದು ಎಚ್ಚರಿಕೆ. ಎಪ್ಪತ್ತರ ದಶಕದ ಆ ಕ್ರೋಮ್ ಪೆಡಲ್‌ಗಳಿಗೆ ಬ್ಯಾಟರಿ ಇಲ್ಲ, ನೇರ ಗೋಡೆಯ ಪ್ಲಗ್. ಅವು 120 ವೋಲ್ಟಿಗೆ ಮಾಡಿದವು. ಪ್ಲಗ್ಗಿನ ತುದಿ ಬದಲಿಸುವ ಅಡಾಪ್ಟರ್ ಹಾಕಿ ನಮ್ಮ 230 ವೋಲ್ಟಿಗೆ ಸಿಕ್ಕಿಸಿದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟ ವಾಸನೆ ನಿಮಿಷಗಳಲ್ಲಿ ಬರುತ್ತದೆ. ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಮಾರ್ಲಿ ಈಚೆಗೆ ಕ್ಲಿಫ್‌ನ ಹೆಸರಲ್ಲಿ ತಂದ ಫಜ್-ವಾಗೆ ಈ ತಂಟೆಯಿಲ್ಲ, ಅದು 9 ವೋಲ್ಟಿನದು.

ಕಟ್ಟುವ ಕ್ರಮ, ಕೆಡುವ ಜಾಗಗಳು

ತಂತಿಯಿಂದ ಶುರು ಮಾಡಿ. ಸುತ್ತು ಕಾಣುವಂಥ ಸ್ಟೀಲ್ ರೌಂಡ್‌ವೌಂಡ್ ತಂತಿ, 45ರಿಂದ 105ರ ಸೆಟ್, ಹೊಸದು. ಕರಾವಳಿಯವರು ಇದನ್ನು ಬೇಗ ಬೇಗ ಬದಲಿಸಬೇಕಾಗುತ್ತದೆ. ಉಪ್ಪುಗಾಳಿ ಮತ್ತು ಬೆವರಿಗೆ ಸುತ್ತಿನ ಸಂದಿಯಲ್ಲಿ ಕೊಳೆ ಕಟ್ಟಿ ದನಿ ಮಂಕಾಗುತ್ತದೆ. ಮಂಕಾದ ತಂತಿಗೆ ಎಷ್ಟು ಫಜ್ ಸುರಿದರೂ ಹೊಳಪು ಬರುವುದಿಲ್ಲ, ಇಲ್ಲದ ಮೇಲಿನ ಪಟ್ಟನ್ನು ವಾ ಎತ್ತಿಹಿಡಿಯಲೂ ಆಗುವುದಿಲ್ಲ.

ಆಮೇಲೆ ಶ್ರುತಿ. ‘ರೈಡ್ ದ ಲೈಟ್ನಿಂಗ್’ ಜೊತೆ ನುಡಿಸಲು ಕೂತವರು ಟ್ಯೂನರಿನಲ್ಲಿ ಪಕ್ಕಾ ಹಸಿರು ತೋರಿಸಿಯೂ ‘ಏನೋ ಕಚ್ಚುತ್ತಿದೆ’ ಅನ್ನುತ್ತಾರೆ. ತಪ್ಪು ಅವರದಲ್ಲ. ಆ ಆಲ್ಬಮ್ಮೇ ಎ-440ಕ್ಕಿಂತ (ಎ ಸ್ವರ 440 ಹರ್ಟ್ಸ್ ಎಂಬ ಟ್ಯೂನರಿನ ಅಳತೆಗಿಂತ) ಒಂದಿಷ್ಟು ಏರು ಶ್ರುತಿಯಲ್ಲಿದೆ. ಟ್ಯೂನರ್ ಆರಿಸಿ, ಹಾಡಿನಲ್ಲಿ ಬಿಟ್ಟ ಇ ಬರುವ ಜಾಗ ಹುಡುಕಿ, ಕಿವಿಯಿಂದಲೇ ಕೂಡಿಸಿಕೊಳ್ಳಿ. ತಂಬೂರಿಗೆ ಶ್ರುತಿ ಕೂಡಿಸಿ ಅಭ್ಯಾಸವಿದ್ದವರಿಗೆ ಇದು ಎರಡು ನಿಮಿಷದ ಕೆಲಸ.

ಈಗ ಪೆಡಲ್. ಬಾಸ್‌ನಿಂದ ನೇರ ಬಿಗ್ ಮಫ್, ಅಲ್ಲಿಂದ ಆಂಪ್. ಕೋಣೆಯಲ್ಲಿ ಒಬ್ಬರೇ ನುಡಿಸಿದಾಗ ಗೋಡೆ ನಡುಗುವಷ್ಟು ದೊಡ್ಡದಾಗಿ ಕೇಳುತ್ತದೆ. ತಂಡದ ಜೊತೆ ನುಡಿಸಿದ ತಕ್ಷಣ ಮಾಯ. ಈ ಫಜ್‌ನ ಟೋನ್ ಸರ್ಕ್ಯೂಟಿನಲ್ಲಿ 1000 ಹರ್ಟ್ಸ್ ಆಸುಪಾಸು ಒಂದು ಹಳ್ಳ ಇದೆ. ಗಿಟಾರುಗಳು ಎದ್ದು ಕಾಣುವ ಜಾಗದಲ್ಲಿ ನೀವು ಇರುವುದೇ ಇಲ್ಲ. ಆ ಹಳ್ಳ ತುಂಬಲು ವಾ ಒಳ್ಳೆಯ ಸಾಧನ. ಫಜ್‌ನ ನಂತರ ವಾ ಇಟ್ಟು, ಪಾದವನ್ನು ಅರ್ಧಕ್ಕೆ ನಿಲ್ಲಿಸಿದರೆ ಸರಿಯಾಗಿ ಅಲ್ಲಿಗೇ ಒಂದು ದಿಬ್ಬ ಬರುತ್ತದೆ. ಮೊದಲು ವಾ, ಆಮೇಲೆ ಫಜ್ ಅಂತ ಇಟ್ಟರೆ ಜಾರಿಕೆ ಸೌಮ್ಯವಾಗಿ ಗಂಟಲಿನಿಂದ ಬಂದಂತಿರುತ್ತದೆ. ಫಜ್ ಮೊದಲಿದ್ದರೆ ಜಾರಿಕೆ ಅಗಲ, ಆಕ್ರಮಣಕಾರಿ. ಎರಡನ್ನೂ ಐದೈದು ನಿಮಿಷ ನುಡಿಸಿ ನೋಡಿ, ಓದಿ ತಿಳಿಯುವ ವಿಷಯ ಅಲ್ಲ.

ಮುಂದಿನ ತೊಡಕು ಬುಡ ಕಳೆದುಹೋಗುವುದು. ಗಿಟಾರಿಗೆ ಮಾಡಿದ ವಾ 400 ಹರ್ಟ್ಸ್ ಕೆಳಗಿನದ್ದನ್ನೆಲ್ಲ ತಿಂದುಹಾಕುತ್ತದೆ. ನೀವು ಸೋಲೋ ಶುರು ಮಾಡಿದ ಕೂಡಲೇ ತಂಡಕ್ಕೆ ತಳವೇ ಇಲ್ಲ. ಇದಕ್ಕೆ ಮದ್ದು ಸಿಗ್ನಲ್ಲನ್ನು ಎರಡು ದಾರಿ ಮಾಡುವುದು. ಒಂದರಲ್ಲಿ 250 ಹರ್ಟ್ಸ್ ಕೆಳಗಿನದ್ದು ಮಾತ್ರ, ಯಾವ ಪೆಡಲ್ಲೂ ಇಲ್ಲದೆ. ಇನ್ನೊಂದರಲ್ಲಿ 250ರ ಮೇಲಿನದ್ದು, ಫಜ್ ಮತ್ತು ವಾ ಮೂಲಕ. ಕೊನೆಯಲ್ಲಿ ಎರಡನ್ನೂ ಕೂಡಿಸಿ. ಫಜ್‌ನ ಗೇನ್ ಹತ್ತರಲ್ಲಿ ನಾಲ್ಕರಿಂದ ಶುರುವಾಗಲಿ. ಎಂಟು ದಾಟಿದರೆ ಸ್ವರಗಳ ನಡುವಿನ ಗೆರೆ ಅಳಿಸುತ್ತದೆ.

ಎರಡು ದಾರಿ ಮಾಡಿದವರು ಬೀಳುವ ಗುಂಡಿಯೊಂದಿದೆ. ಕೂಡಿಸಿದ ಮೇಲೆ ಬುಡ ಹೆಚ್ಚುವ ಬದಲು ಇನ್ನೂ ತೆಳ್ಳಗಾಗುತ್ತದೆ. ಒಂದೋ ಯಾವುದೋ ಪೆಡಲ್ ಅಲೆಯನ್ನು ತಲೆಕೆಳಗು ಮಾಡುತ್ತಿದೆ, ಒಂದು ದಾರಿಯ ಉಬ್ಬು ಇನ್ನೊಂದರ ತಗ್ಗಿಗೆ ಸಿಕ್ಕಿ ಎರಡೂ ಅಳಿಸಿಹೋಗುತ್ತಿವೆ; ಮಿಕ್ಸರಿನ ಫೇಸ್ ಗುಂಡಿ ಒತ್ತಿದರೆ ಸರಿಹೋಗುತ್ತದೆ. ಇಲ್ಲವೇ ಕಂಪ್ಯೂಟರಿನ ಪ್ಲಗಿನ್ ಒಂದು ದಾರಿಯನ್ನು ತಡಮಾಡುತ್ತಿದೆ. ಎರಡು ದಾರಿ ಕೂಡುವ 250 ಹರ್ಟ್ಸ್‌ನ ಒಂದು ಪೂರ್ಣ ಅಲೆಗೆ ಹಿಡಿಯುವುದು 4 ಮಿಲಿಸೆಕೆಂಡ್. 2 ಮಿಲಿಸೆಕೆಂಡ್ ತಡವಾದರೆ ಸರಿಯಾಗಿ ಅರ್ಧ ಅಲೆಯ ಅಂತರ, 250 ಹರ್ಟ್ಸ್ ಆಸುಪಾಸಿನದ್ದು ನಾಪತ್ತೆ. ತಡವಾಗದ ದಾರಿಗೂ ಅಷ್ಟೇ ತಡ ಸೇರಿಸಿ ಸಮ ಮಾಡಬೇಕು.

ಇನ್ನು ಗುಂಯ್ ಸದ್ದು. ಫಜ್ ಸ್ವರವನ್ನು ಹಿಗ್ಗಿಸಿದಷ್ಟೇ ಪಿಕಪ್ ಎಳೆದುಕೊಂಡ ಕರೆಂಟಿನ ಗುಂಯ್ಗುಡಿತವನ್ನೂ ಹಿಗ್ಗಿಸುತ್ತದೆ. ನಮ್ಮಲ್ಲಿ ಕರೆಂಟು 50 ಹರ್ಟ್ಸ್. ಬಾಸ್‌ನ ಇ ತಂತಿಯ ಮೂರನೇ ಫ್ರೆಟ್ 49 ಹರ್ಟ್ಸ್. ಆ ಸ್ವರ ಹಿಡಿದು ನಿಂತರೆ ಗುಂಯ್ ಸದ್ದು ಅದರ ಜೊತೆ ಸೆಕೆಂಡಿಗೊಂದು ಸಲ ಅಲೆಯಾಡುತ್ತದೆ, ಅಪಶ್ರುತಿ ಬಂದಂತೆ ಕೇಳುತ್ತದೆ. ಅಮೆರಿಕದ 60 ಹರ್ಟ್ಸ್ ಯಾವ ಫ್ರೆಟ್ಟಿಗೂ ಇಷ್ಟು ಹತ್ತಿರವಿಲ್ಲ. ಟ್ಯೂನರ್ ಮೇಲೆ ಸಿಟ್ಟಾಗುವ ಮೊದಲು ಮೂರು ಪಿನ್ನಿನ ಸಾಕೆಟ್ಟಿಗೆ ನಿಜವಾಗಿಯೂ ಅರ್ತಿಂಗ್ ಇದೆಯೇ ನೋಡಿಸಿ. ತಂತಿ ಮುಟ್ಟಿದಾಗ ಸದ್ದು ಕಡಿಮೆಯಾದರೆ ಬಾಸ್‌ನ ಒಳಗಿನ ಗ್ರೌಂಡ್ ಸರಿಯಿದೆ ಅಂತ ಅರ್ಥ, ಮುಟ್ಟಿದಾಗ ಹೆಚ್ಚಾದರೆ ಬೆಸುಗೆ ಬಿಟ್ಟಿದೆ. ಮುಟ್ಟಿದಾಗ ಚುರುಕ್ ಅಂದರೆ ಮಾತ್ರ ತಕ್ಷಣ ಎಲ್ಲ ಆರಿಸಿ ಎಲೆಕ್ಟ್ರಿಷಿಯನ್ ಕರೆಸಿ, ಅದು ಸಂಗೀತದ ವಿಷಯವಲ್ಲ.

ಬೆರಳು

ಮೆಟಲ್ ಬಾಸ್‌ನವರಲ್ಲಿ ಪಿಕ್ ಹಿಡಿಯುವವರು ಬಹಳ. ಕ್ಲಿಫ್ ಬೆರಳಿನವನು. ತೋರುಬೆರಳು, ನಡುಬೆರಳು, ವೇಗ ಬೇಕಾದಾಗ ಉಂಗುರಬೆರಳೂ ಸೇರುತ್ತಿತ್ತು. ‘ಮಾಸ್ಟರ್ ಆಫ್ ಪಪೆಟ್ಸ್’ ಹಾಡಿನ ವೇಗ ನಿಮಿಷಕ್ಕೆ ಸುಮಾರು 212 ಬೀಟ್. ಬೀಟಿಗೆ ಎರಡರಂತೆ ಹೊಡೆದರೆ ಸೆಕೆಂಡಿಗೆ ಏಳು ಮೀಟು. ಎರಡು ಬೆರಳಿಗೆ ಹಂಚಿದರೆ ಒಂದೊಂದಕ್ಕೆ ಮೂರೂವರೆ. ಕೇಳಲು ಇದು ದೊಡ್ಡದಲ್ಲ, ಆದರೆ ನಿಮಿಷಗಟ್ಟಲೆ ಏರಿಳಿತವಿಲ್ಲದೆ ಮಾಡಬೇಕು. ಕಲಿಯುವವರು 140ರಲ್ಲಿ ಶುರು ಮಾಡಿ, ಮುಂಗೈ ಬಿಗಿಯಾಗದೆ ಐದು ನಿಮಿಷ ಹೋದ ಮೇಲಷ್ಟೇ ಹತ್ತು ಹತ್ತು ಏರಿಸಬೇಕು. ಮುಂಗೈ ಉರಿಯುತ್ತಿದೆ ಅಂದರೆ ಬೆರಳು ತಂತಿಯ ಕೆಳಗೆ ಆಳಕ್ಕೆ ಇಳಿಯುತ್ತಿದೆ. ಉಗುರಿನ ಬುಡ ತಂತಿ ದಾಟಬಾರದು.

ಮೂರು ಬೆರಳಿನಲ್ಲಿ ಸಾಮಾನ್ಯ ತಪ್ಪು ಉಂಗುರಬೆರಳಿನ ಮೀಟು ತೆಳುವಾಗಿ, ಪ್ರತಿ ಮೂರನೇ ಸ್ವರ ಕುಸಿಯುವುದು. ನಾಲ್ಕರ ಲೆಕ್ಕದ ಹಾಡಿನ ಮೇಲೆ ಮೂರರ ಒತ್ತು ಬಿದ್ದು ತಿಶ್ರ ನಡೆ ಹೊಕ್ಕಂತಾಗುತ್ತದೆ. ಮೆಟ್ರೋನೋಮ್ ಇಟ್ಟುಕೊಂಡು ಉಂಗುರಬೆರಳಿಗೇ ಒತ್ತು ಕೊಟ್ಟು ಅಭ್ಯಾಸ ಮಾಡುವುದೊಂದೇ ದಾರಿ.

ಫಜ್ ಹಾಕಿದ ಮೇಲೆ ಬಲಗೈಗಿಂತ ಮುಖ್ಯವಾಗುವುದು ಸದ್ದಡಗಿಸುವುದು. ಸುಮ್ಮನೆ ನಡುಗುವ ಪಕ್ಕದ ತಂತಿಯೂ ಮೀಟಿದ ತಂತಿಯಷ್ಟೇ ಜೋರಾಗಿ ಹೊರಬರುತ್ತದೆ. ಮೇಲಿನ ತಂತಿಗಳಲ್ಲಿ ಸೋಲೋ ನುಡಿಸುವಾಗ ಹೆಬ್ಬೆರಳನ್ನು ಪಿಕಪ್ ಮೇಲೆ ಊರಬೇಡಿ, ಇ ಮತ್ತು ಎ ತಂತಿಗಳ ಮೇಲೆ ಮಲಗಿಸಿ. ಎಡಗೈಯ ತೋರುಬೆರಳಿನ ಹೊಟ್ಟೆ ಕೆಳಗಿನ ಸಣ್ಣ ತಂತಿಯನ್ನು ಮುಟ್ಟಿಕೊಂಡಿರಲಿ.

ಎಲ್ಲೆಲ್ಲಿ ಕೇಳಬೇಕು

‘ಅನಸ್ತೀಸಿಯಾ (ಪುಲ್ಲಿಂಗ್ ಟೀತ್)’: ಸುಮಾರು ನಾಲ್ಕು ನಿಮಿಷದ ಬಾಸ್ ಸೋಲೋ, ‘ಬಾಸ್ ಸೋಲೋ, ಟೇಕ್ ಒನ್’ ಅನ್ನುವ ಇಂಜಿನಿಯರನ ದನಿಯಿಂದ ಶುರು. ಮೊದಲ ಭಾಗದಲ್ಲಿ ಅವನೊಬ್ಬನೇ, ಆಮೇಲೆ ಡ್ರಮ್ಮು ಸೇರಿದಾಗ ವಾ ಮುಂದೆ ಬರುತ್ತದೆ. ಇದರಲ್ಲಿ ಗಿಟಾರೇ ಇಲ್ಲ, ಹಾಗಾಗಿ ಅವನ ದನಿ ಗುರುತು ಹಿಡಿಯಲು ಮೊದಲು ಕೇಳಬೇಕಾದ್ದು ಇದೇ.

‘ಡ್ಯಾಮೇಜ್, ಇಂಕ್.’ ಶುರುವಿನಲ್ಲಿ ತೇಲುವ ಆ ಮೋಡದಂಥ ನಾದ ಕೀಬೋರ್ಡ್ ಅಲ್ಲ. ಜರ್ಮನ್ ಸಂಗೀತಕಾರ ಬಾಖ್‌ನ ಒಂದು ಭಕ್ತಿಗೀತೆಯಿಂದ ಎತ್ತಿಕೊಂಡ ಸ್ವರಗಳನ್ನು ಕ್ಲಿಫ್ ಬಾಸ್‌ನಲ್ಲೇ ಪದರ ಪದರವಾಗಿ ಕಟ್ಟಿದ್ದು. ಸ್ವರದ ಮೊದಲ ‘ದುಪ್’ ಇಲ್ಲದಂತೆ ಮಾಡಿದರೆ ಕಿವಿಗೆ ವಾದ್ಯದ ಗುರುತೇ ಸಿಗುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

‘ಓರಿಯನ್’ ಎಂಟೂವರೆ ನಿಮಿಷದ ಹಾಡಿಲ್ಲದ ಹಾಡು. ದೂರದಿಂದ ತೇಲಿಬರುವ ಆರಂಭ ಬಾಸ್‌ನದು. ನಡುವೆ ಎಲ್ಲ ನಿಂತು, ಒಂಟಿ ಬಾಸ್ ನಿಧಾನದ ಹೊಸ ನಡೆ ಹಿಡಿಯುತ್ತದೆ. ಅದರ ಮೇಲೆ ಗಿಟಾರುಗಳು ಒಂದೊಂದಾಗಿ ಬಂದು ಕೂರುತ್ತವೆ. ಆ ನಡುಭಾಗ ಪೂರ್ತಿ ಕ್ಲಿಫ್‌ನ ಕಟ್ಟಡ. ಕೊನೆಯ ಭಾಗದಲ್ಲಿ ಗಿಟಾರ್ ಸೋಲೋಗಳ ಸಾಲಿನಲ್ಲಿ ಒಂದು ಬಾಸ್ ಸೋಲೋ ಸೇರಿಕೊಂಡಿದೆ. ‘ದುಪ್’ ಮತ್ತು ತಿಣುಕು ಎರಡನ್ನೂ ಹಿಡಿದು ಹುಡುಕಿ. ಹಾಡಿನಿಂದ ವಾದ್ಯಗಳನ್ನು ಬೇರ್ಪಡಿಸುವ ಈಗಿನ ಸಾಫ್ಟ್‌ವೇರ್ ಇಲ್ಲಿ ಹಲವು ಸಲ ಸೋಲುತ್ತದೆ. ಫಜ್ ಹಾಕಿದ ಬಾಸ್ ಅನ್ನು ಅದೂ ಗಿಟಾರಿನ ಡಬ್ಬಿಗೇ ತಳ್ಳುತ್ತದೆ. ಅದಕ್ಕಿಂತ ನಂಬಬಹುದಾದ್ದು 2009ರ ‘ಗಿಟಾರ್ ಹೀರೋ: ಮೆಟಾಲಿಕಾ’ ವಿಡಿಯೋ ಗೇಮ್. ಆಟಕ್ಕಾಗಿ ಬಾಸ್, ಗಿಟಾರ್, ಡ್ರಮ್ ಬೇರೆ ಬೇರೆ ಟ್ರ್ಯಾಕ್ ಮಾಡಲಾಗಿತ್ತು, ಅಭಿಮಾನಿಗಳಿಗೆ ಬರೀ ಬಾಸ್ ಕೇಳಲು ಸಿಕ್ಕಿದ್ದು ಅದರಿಂದ.

ನೆನಪಿನ ಕಲ್ಲು, ನೆನಪಿನ ಟೇಪು

1986ರ ಸೆಪ್ಟೆಂಬರ್ 26ರಂದು ಸ್ಟಾಕ್‌ಹೋಮ್ ಪಕ್ಕದ ಸೋಲ್ನಾಹಾಲೆನ್‌ನಲ್ಲಿ ಕಛೇರಿ ಮುಗಿಸಿ ತಂಡ ಕೋಪನ್‌ಹೇಗನ್ ಕಡೆ ಹೊರಟಿತ್ತು. ಮಲಗುವ ಜಾಗಕ್ಕಾಗಿ ಕ್ಲಿಫ್ ಮತ್ತು ತಂಡದ ಗಿಟಾರ್ ವಾದಕ ಕರ್ಕ್ ಹ್ಯಾಮೆಟ್ ಇಸ್ಪೀಟ್ ಎಲೆ ಎತ್ತಿದರು, ಕ್ಲಿಫ್‌ಗೆ ಸ್ಪೇಡಿನ ಎಕ್ಕ ಬಂತು, ಅವನು ಹ್ಯಾಮೆಟ್‌ನ ಹಾಸಿಗೆ ಆರಿಸಿಕೊಂಡ. ಯುಂಗ್‌ಬಿ ಊರಿನ ಉತ್ತರಕ್ಕೆ ಡೋರಾರ್ಪ್ ಬಳಿ ಬಸ್ಸು ಜಾರಿ ಉರುಳಿತು. ರಸ್ತೆಯ ಮೇಲೆ ಕಣ್ಣಿಗೆ ಕಾಣದ ಹಿಮಪದರ ಇತ್ತು ಅಂದ ಚಾಲಕ. ಹುಡುಕುತ್ತಾ ರಸ್ತೆಗುಂಟ ನಡೆದ ತಂಡದ ಗಾಯಕ ಜೇಮ್ಸ್ ಹೆಟ್‌ಫೀಲ್ಡ್‌ಗೆ ಅದು ಕಾಣಲಿಲ್ಲ. ಚಾಲಕನ ಮೇಲೆ ಆರೋಪ ನಿಲ್ಲಲಿಲ್ಲ. ಈ ವಾದ ಇವತ್ತಿಗೂ ಅಭಿಮಾನಿಗಳ ನಡುವೆ ಮುಗಿದಿಲ್ಲ.

ಆ ಜಾಗದ ಹತ್ತಿರ 2006ರ ಅಕ್ಟೋಬರ್ 3ರಂದು ಸ್ಮಾರಕಶಿಲೆ ನಿಲ್ಲಿಸಲಾಯಿತು. ಕ್ಲಿಫ್ ಬರೆದಿಟ್ಟಿದ್ದ, ಆಮೇಲೆ 1988ರ ‘ಟು ಲಿವ್ ಈಸ್ ಟು ಡೈ’ ಹಾಡಿನಲ್ಲಿ ಬಂದ ಸಾಲೊಂದನ್ನು ಅದರ ಮೇಲೆ ಕೆತ್ತಿದ್ದಾರೆ. ಕ್ಯಾಲಿಫೋರ್ನಿಯಾದ ಅಲಮೀಡಾ ಕೌಂಟಿ ಅಭಿಮಾನಿಗಳ ಮನವಿಯ ಮೇರೆಗೆ 2018ರಲ್ಲಿ ಫೆಬ್ರವರಿ 10ನ್ನು ಕ್ಲಿಫ್ ಬರ್ಟನ್ ದಿನವೆಂದು ಸಾರಿತು. ತಂದೆ ರೇ ಬರ್ಟನ್ 2009ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವವನ್ನು ಮಗನ ಪರವಾಗಿ ಸ್ವೀಕರಿಸಿದರು. ಮಗನ ಪಾಲಿನ ರಾಯಲ್ಟಿ ಹಣವನ್ನು ಅವನು ಓದಿದ ಹೈಸ್ಕೂಲಿನಲ್ಲಿ ಸಂಗೀತ ಕಲಿಯುವ ಮಕ್ಕಳ ವಿದ್ಯಾರ್ಥಿವೇತನಕ್ಕೆ ಕೊಟ್ಟರು. ಇದರ ಮುಂದೆ ಕಲ್ಲು ಕಟ್ಟೆಗಳು ಸಣ್ಣವು ಅನ್ನಿಸುತ್ತದೆ.

‘ಓರಿಯನ್’ ಅನ್ನು ತಂಡ ವೇದಿಕೆಯ ಮೇಲೆ ಪೂರ್ತಿಯಾಗಿ ನುಡಿಸಿದ್ದು 2006ರ ಜೂನ್ 3ರಂದು, ಜರ್ಮನಿಯ ರಾಕ್ ಆಮ್ ರಿಂಗ್‌ನಲ್ಲಿ. ಹಾಡು ಬಂದು ಇಪ್ಪತ್ತು ವರ್ಷವಾಗಿತ್ತು. ಅದಕ್ಕೂ ಮೊದಲು ಚೂರುಪಾರು ನುಡಿಸಿದ್ದುಂಟು. ಈಗ ಆ ಜಾಗದಲ್ಲಿ ನಿಲ್ಲುವ ರಾಬರ್ಟ್ ಟ್ರುಹಿಯೋ ಕೂಡ ಬೆರಳಿನವನೇ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ಭಾರತದ ತನ್ನ ಮೊದಲ ಕಛೇರಿ ಕೊಟ್ಟಾಗ, ಗುರುಗ್ರಾಮದ್ದು ರದ್ದಾಗಿ ಅದೇ ಮೊದಲನೆಯದಾಯಿತು, ಬಾಸ್ ಹಿಡಿದಿದ್ದವನು ಅವನೇ.

ಕ್ಲಿಫ್‌ನನ್ನು ವೇದಿಕೆಯ ಮೇಲೆ ನೋಡಬೇಕಾದರೆ ಇರುವುದು ಬಹುಪಾಲು ಅಭಿಮಾನಿಗಳೇ ಕದ್ದು ಹಿಡಿದ ಚಿತ್ರಗಳು. 1987ರಲ್ಲಿ ತಂಡ ತಂದ ‘ಕ್ಲಿಫ್ ಎಮ್ ಆಲ್’ ವಿಡಿಯೋ ಅಂಥವನ್ನು ಹೆಚ್ಚಾಗಿ ಸೇರಿಸಿಯೇ ಕಟ್ಟಿದ್ದು. ಸ್ಟಾಕ್‌ಹೋಮ್‌ನ ಆ ಕೊನೆಯ ಕಛೇರಿಯದ್ದೂ ಒಂದು ಧ್ವನಿಮುದ್ರಣ ಉಳಿದಿದೆ, 2017ರ ‘ಮಾಸ್ಟರ್ ಆಫ್ ಪಪೆಟ್ಸ್’ ದೊಡ್ಡ ಪೆಟ್ಟಿಗೆಯಲ್ಲಿ ಅದನ್ನು ಕ್ಯಾಸೆಟ್ ರೂಪದಲ್ಲೇ ಕೊಟ್ಟರು. ಸಭಿಕರ ನಡುವಿನಿಂದ ಹಿಡಿದ ಇಂಥ ಟೇಪುಗಳನ್ನು ಕೇಳುವಾಗ ಒಂದು ಉಪಾಯ: ಸಣ್ಣ ರೆಕಾರ್ಡರುಗಳು ಮಂದ್ರದ ಹೊಡೆತ ತಾಳಲಾರದೆ ತಾವೇ ಅಲೆಯ ತಲೆ ಕತ್ತರಿಸುತ್ತವೆ, ಕಿಕ್ ಬಿದ್ದಾಗಲೆಲ್ಲ ಉಳಿದದ್ದು ಮುಳುಗುತ್ತದೆ. 150 ಹರ್ಟ್ಸ್ ಕೆಳಗಿನದ್ದನ್ನು ಕತ್ತರಿಸಿ, 800ರ ಹತ್ತಿರ ನಾಲ್ಕು ಡೆಸಿಬೆಲ್ ಏರಿಸಿ, ಸ್ಟೀರಿಯೋವನ್ನು ಮೋನೋ ಮಾಡಿ. ಕೂಗಾಟದ ಹಿಂದೆ, ಗಿಟಾರುಗಳ ಪಕ್ಕದಲ್ಲಿ, ಬೆರಳಿನ ಆ ‘ದುಪ್’ ಸಿಗುತ್ತದೆ.